ಕಡಿತಕ್ಕೊಂದು ಆಣೆ

ವಿಜಯಪುರದಲ್ಲಿ ಸಂಜೆ ಏಳಕ್ಕೇ ಕರೆಂಟ್ ಹೋಯಿತು. ಫ್ಯಾನ್ ನಿಂತಿದ್ದೇ ತಡ, ಗುಂಗಾಡಗಳು ಕಿವಿ ಹತ್ತಿರ ಹಾಜರು. ಸೊಳ್ಳೆಗೆ ನಮ್ಮ ಕಡೆ ಹಾಗೇ ಅನ್ನೋದು. ಹೆಸರಲ್ಲೇ ಸದ್ದಿದೆ, ಅಲ್ವಾ?

ಇವತ್ತು ಆಗಸ್ಟ್ 20, ಸೊಳ್ಳೆ ದಿನ ಬೇರೆ. 1897ರಲ್ಲಿ ಇದೇ ದಿನ ಸಿಕಂದರಾಬಾದ್‌ನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ಡಾಕ್ಟರ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಅದಕ್ಕೂ ಮುಂಚೆ ಎರಡು ವರ್ಷ ಬೇರೆ ಜಾತಿಯ ಸೊಳ್ಳೆಗಳನ್ನು ಕೊಯ್ದು ಕೊಯ್ದು ಏನೂ ಸಿಕ್ಕಿರಲಿಲ್ಲ. ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂಗಳೇ ತುಕ್ಕು ಹಿಡಿದಿದ್ದವಂತೆ. ಪಂಖಾ ಬೀಸಿಸುವ ಹಾಗೂ ಇಲ್ಲ, ಗಾಳಿಗೆ ಸೊಳ್ಳೆ ಹಾರಿಹೋಗುತ್ತದೆ!

ನನಗೆ ಮಾತ್ರ ಜಾಸ್ತಿ ನೆನಪಾಗೋದು ಹುಸೇನ್ ಖಾನ್. ಮಲೇರಿಯಾ ರೋಗಿ. ರಾಸ್ ಪ್ರಯೋಗಕ್ಕಾಗಿ ಪರದೆಯೊಳಗೆ ಸುಮ್ನೆ ಮಲಗಿ ಸೊಳ್ಳೆಗಳಿಂದ ಕಚ್ಚಿಸಿಕೊಂಡವನು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದಾಣೆ ಕೂಲಿ. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು.

ಅವ್ವನಿಗೆ ಇದನ್ನೆಲ್ಲ ಹೇಳಿದೆ. ಕಾಲು ಕೆರೆದುಕೊಳ್ಳುತ್ತಾ, "ಹಂಗಾರ ಇವತ್ತ ನನಗೆಷ್ಟ ಬರಬೇಕು, ಲೆಕ್ಕಾ ಹಾಕು" ಅಂದಳು.

ಕರೆಂಟ್ ಇನ್ನೂ ಬಂದಿಲ್ಲ.