ಅಡುಗೆಮನೆಯಲ್ಲಿ ಒಂದು ಬಣ್ಣದ ವೇಷ

ಪಕ್ಕದ ಮನೆಯ ಏಳು ವರ್ಷದ ಹುಡುಗ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನು ಬಹಳ ಹೊತ್ತು ನೋಡಿ, “ಇವನು ಹೇಗೆ ಸತ್ತದ್ದು?” ಎಂದು ಕೇಳಿದಾಗ, ನನ್ನ ಎಡಗೆನ್ನೆಯ ಅಕ್ಕಿಹಿಟ್ಟು ಇನ್ನೂ ಒಣಗಿರಲಿಲ್ಲ. ಬಿರುಕು ಬಿಡಬಾರದೆಂದು ಎರಡು ಗಂಟೆಯಿಂದ ತುಟಿ ಬಿಚ್ಚದೆ ಕುಳಿತಿದ್ದ ನಾನು ನಕ್ಕುಬಿಟ್ಟೆ.

ಹುಡುಗನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಐರ್ಲೆಂಡಿನಲ್ಲಿ ಅಕ್ಟೋಬರ್ 31ರ ರಾತ್ರಿ ಬಣ್ಣ ಬಳಿದುಕೊಂಡು ಹೊರಡುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಬಗೆಯಲ್ಲಿ ಸತ್ತವರೇ. ಹ್ಯಾಲೋವೀನ್ ಹಬ್ಬದ ಮೂಲವೆಂದು ಇಲ್ಲಿಯವರು ಹೇಳುವ ಹಳೆಯ ಹಬ್ಬದ ಹೆಸರನ್ನು ಇವರು ಉಚ್ಚರಿಸುವುದು ಹೆಚ್ಚುಕಡಿಮೆ ‘ಸಾವಿನ್’ ಎಂದು. ಮೊದಲ ಸಲ ಕೇಳಿದ ದಿನ ನಾನು ಅದನ್ನು ಕನ್ನಡವೆಂದೇ ತಿಳಿದು ಬೆಚ್ಚಿದ್ದೆ. ಆ ರಾತ್ರಿ ಅಲೆಯುವ ಪ್ರೇತಗಳಿಗೆ ಗುರುತು ಸಿಗದಿರಲೆಂದು ಜನ ವೇಷ ಹಾಕುತ್ತಿದ್ದರಂತೆ.

ಇಲ್ಲಿಗೆ ಬಂದ ಮೊದಲ ವರ್ಷ ನಾನು ನೀರಿನಲ್ಲಿ ಕಲಸುವ ಬಣ್ಣದಿಂದ ತಲೆಬುರುಡೆ ಬರೆದುಕೊಂಡೆ, ಎರಡನೆಯ ವರ್ಷ ರಕ್ತ ಹೀರುವವಳಾದೆ. ಮೂರನೆಯ ವರ್ಷ ಹರಿದ ಕೆನ್ನೆಯ ಪ್ರಯೋಗ ಮಾಡಿದೆ. ಅದಕ್ಕೆ ದ್ರವರೂಪದ ಲೇಟೆಕ್ಸ್ ಬೇಕು. ಒಂದು ಪದರ ಹಚ್ಚಿ, ಅದರ ಮೇಲೆ ತೆಳ್ಳನೆಯ ಟಿಶ್ಯೂ ಕಾಗದ ಅಂಟಿಸಿ, ಮತ್ತೊಂದು ಪದರ ಹಚ್ಚಿ, ಒಣಗಿದ ಮೇಲೆ ನಡುವೆ ಚಿವುಟಿ ಹರಿದು, ಒಳಗೆ ಕೆಂಪು ಕಪ್ಪು ತುಂಬಿದರೆ ನೋಡಿದವರು ಮುಖ ತಿರುಗಿಸುವಷ್ಟು ನಿಜವಾದ ಗಾಯ ಸಿದ್ಧವಾಗುತ್ತದೆ. ಆದರೆ ಬಾಟಲಿಯ ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿದ ಅಮೋನಿಯದ ವಾಸನೆ ನನ್ನನ್ನು ನೇರವಾಗಿ ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ತೋಟಕ್ಕೆ ಕೊಂಡೊಯ್ದಿತು. ಅದು ಬೇರೇನೂ ಅಲ್ಲ, ರಬ್ಬರ್ ಹಾಲು. ಹಾಳೆ ಮಾಡದೆ ಹಾಲನ್ನೇ ಮಾರುವಾಗ ಅದು ಹೆಪ್ಪುಗಟ್ಟದಿರಲೆಂದು ಅಪ್ಪ ಬ್ಯಾರಲಿಗೆ ಅಮೋನಿಯ ಹಾಕಿಸುತ್ತಿದ್ದರು. ಅವರು ಬ್ಯಾರಲ್ ಲೆಕ್ಕದಲ್ಲಿ ಮಾರಿದ್ದನ್ನು ನಾನು ಬೆರಳುದ್ದದ ಬಾಟಲಿಯಲ್ಲಿ ಯೂರೋ ಕೊಟ್ಟು ಕೊಳ್ಳುತ್ತಿದ್ದೇನೆ.

ಆ ವಾಸನೆಯೇ ಕಾರಣವಿರಬೇಕು, ಈ ವರ್ಷ ಗಾಯ ಬೇಡವೆನಿಸಿ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ, ಎಂದರೆ ರಾಕ್ಷಸನ ಮುಖ, ಬರೆದುಕೊಳ್ಳಬೇಕೆಂದು ನಿಶ್ಚಯಿಸಿದೆ. ಅದನ್ನು ಬರೆಯುವುದನ್ನು ನಾನು ನೋಡಿದ್ದು ತೆಂಗಿನ ಮಡಲಿನ ತಟ್ಟಿಯ ಸಂದಿನಿಂದ. ಅಜ್ಜನ ಮನೆಯ ಗದ್ದೆಯಲ್ಲಿ ಯಕ್ಷಗಾನದ ಆಟವಾದರೆ ಅಣ್ಣ ವೇಷ ಕಟ್ಟುವ ಚೌಕಿಯೊಳಗೆ ಕಲಾವಿದರ ಪಕ್ಕದಲ್ಲೇ ಕುಳಿತಿರುತ್ತಿದ್ದ. ಹೆಣ್ಣುಮಕ್ಕಳು ಅಲ್ಲಿಗೆ ಹೋಗಬಾರದೆಂದು ಅಜ್ಜ ಹೇಳಿದ ಮೇಲೆ ನನಗೆ ಸಂದೇ ಗತಿ. ಕಥಕಳಿಯಲ್ಲಿ ನಟ ಮಲಗಿರುತ್ತಾನೆ, ಮುಖದ ಅಂಚಿಗೆ ಚುಟ್ಟಿ ಇಡುವವನು ಬೇರೆ. ನಮ್ಮಲ್ಲಿ ವೇಷಧಾರಿಯೇ ಕನ್ನಡಿ ಹಿಡಿದು, ಸುಣ್ಣ ಬೆರೆಸಿದ ನುಣ್ಣನೆಯ ಅಕ್ಕಿಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಅಂಚಿನಲ್ಲಿ ಮುಳ್ಳು ಮುಳ್ಳಾಗಿ ಚಿಟ್ಟಿ ಎಂಬ ಬಿಳಿಯ ಸಾಲುಗಳನ್ನು ಇಡಬೇಕು. ಒಂದು ಸಾಲು ಒಣಗದೆ ಅದರ ಮೇಲೆ ಇನ್ನೊಂದು ನಿಲ್ಲುವುದಿಲ್ಲ. ಈ ವೇಷಕ್ಕೇ ಹೆಸರಾದ ಕಲಾವಿದ ಬಣ್ಣದ ಮಾಲಿಂಗನವರ ಮುಖವರ್ಣಿಕೆಯ ಮಾತು ಬಂದರೆ ಅಜ್ಜ ಊಟವನ್ನೂ ಮರೆಯುತ್ತಿದ್ದರು.

ಸುಣ್ಣವನ್ನು ಮುಖಕ್ಕೆ ತಾಗಿಸಲು ನನಗೆ ಧೈರ್ಯ ಬರಲಿಲ್ಲ. ಬರಿಯ ಹಿಟ್ಟು ಒಣಗಿ ಪುಡಿಯಾಗಿ ಚಹಾದ ಲೋಟಕ್ಕೆ ಉದುರಿತು. ಅಕ್ಕಿ ನೆನೆಸಿ ಅರೆದು ನೋಡಿದರೂ ಚಿಟ್ಟಿ ಅರ್ಧ ಗಂಟೆ ನಿಲ್ಲಲಿಲ್ಲ. ಕೊನೆಗೆ ಆ ಹಿಟ್ಟನ್ನು ರಬ್ಬರ್ ಹಾಲಿನಲ್ಲೇ ಕಲಸಿದೆ. ಹುಬ್ಬಿನ ಕೂದಲು ಅಂಟಿಕೊಳ್ಳದಂತೆ ಮೊದಲೇ ವ್ಯಾಸಲಿನ್ ಸವರಿ, ಹಲ್ಲುಕಡ್ಡಿಯಿಂದ ಒಂದೊಂದಾಗಿ ಇಡತೊಡಗಿದೆ. ಈ ವೇಷದ ದೊಡ್ಡ ಕಿರೀಟ, ಕೇಸರಿತಟ್ಟಿ, ಎಲ್ಲಿಂದ ತರುವುದು? ಕೆಂಪು ಶಾಲಿನಲ್ಲಿ ಸುಧಾರಿಸಿಕೊಂಡೆ. ನಾಲ್ಕು ಗಂಟೆ ಹಿಡಿದ ಆ ಕೆಲಸದ ನಡುವೆ ಬಂದದ್ದು ಹುಡುಗನ ಪ್ರಶ್ನೆ.

“ಇವನು ಸತ್ತಿಲ್ಲ. ಇವನು ರಾವಣ, ಲಂಕೆಯ ಅರಸ,” ಎಂದೆ.

“ಹಾಗಾದರೆ ಗಾಯ ಎಲ್ಲಿ?”

ಕನ್ನಡಿಯಲ್ಲಿ ನೋಡಿಕೊಂಡೆ. ನಿಜ, ಒಂದು ಹನಿ ರಕ್ತವೂ ಇರಲಿಲ್ಲ. ಮೂರು ವರ್ಷ ನಾನು ಮುಖವನ್ನು ಕೆತ್ತಿ, ಕೊಳೆಸಿ, ಹರಿದು ಹೆದರಿಸಿದ್ದೆ. ಇಲ್ಲಿ ಇದ್ದ ಮುಖದ ಮೇಲೆ ಇನ್ನೊಂದು ದೊಡ್ಡ ಮುಖವನ್ನು ಕಟ್ಟಿದ್ದಷ್ಟೇ, ಆದರೂ ಹುಡುಗ ಬಾಗಿಲು ಬಿಟ್ಟು ಒಳಗೆ ಬಂದಿರಲಿಲ್ಲ.

“ಹಾಗಾದರೆ ಯಾವಾಗ ಸಾಯುತ್ತಾನೆ?”

“ಬೆಳಗಿನ ಜಾವಕ್ಕೆ,” ಎಂದೆ. ಹೇಳಿದ ಮೇಲೆ ಅದು ಹಳೆಯ ಲೆಕ್ಕವೆಂದು ಹೊಳೆಯಿತು. ಕಾಲಮಿತಿಯ ಆಟಗಳು ಬಂದ ಮೇಲೆ ನಮ್ಮ ಕಡೆ ರಾವಣನೂ ನಡುರಾತ್ರಿಯೊಳಗೆ ಸತ್ತು, ನಾವೆಲ್ಲ ಮನೆಗೆ ಹೋಗಿ ಮಲಗುತ್ತೇವೆ. ನಾಲ್ಕು ಗಂಟೆ ಬರೆದ ಮುಖಕ್ಕೆ ರಂಗದಲ್ಲಿ ಅರ್ಧ ಗಂಟೆ ಸಿಕ್ಕರೆ ದೊಡ್ಡದು.

ಪಾರ್ಟಿಯಲ್ಲಿ ತ್ರಿಶೂರಿನ ಗೆಳತಿ ಓಡಿ ಬಂದು “ಕಥಕಳಿ!” ಎಂದಳು. ನಾನು ಯಕ್ಷಗಾನವೆಂದೆ, ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಹೆಸರು ಹೇಳಿದೆ. “ನೀನು ಕೇರಳದವಳಲ್ಲವೇ?” ಎಂದು ಅವಳಿಗೆ ಗೊಂದಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಕಥೆಯನ್ನು, ಅದೇ ತಾರೀಖಿನ ಹಿಂದಿನ ರಾತ್ರಿ, ದಶಕಂಠನ ಮುಖ ಹೊತ್ತು ಎಷ್ಟೆಂದು ವಿವರಿಸಲಿ? ಅವಳು ಫೋಟೋ ತೆಗೆದುಕೊಂಡಳು, ನಾನು ಸುಮ್ಮನಾದೆ.

ರಾತ್ರಿ ಮುಖದಿಂದ ಸುಲಿದಾಗ ಬಲಗಡೆಯ ಚಿಟ್ಟಿ ಇಡಿಯಾಗಿ, ರಬ್ಬರ್ ಹಾಳೆಯಂತೆಯೇ ಎದ್ದು ಬಂತು. ಅದನ್ನು ಹುಡುಗನಿಗೆ ಕೊಟ್ಟೆ. ಅವರ ಮನೆಯ ಕಿಟಕಿಯಲ್ಲಿ ಕೊರೆದ ಕುಂಬಳಕಾಯಿಯ ಪಕ್ಕದಲ್ಲಿ ಅದು ಒಂದು ವಾರ ನೇತಾಡುತ್ತಿತ್ತು. ಫೋಟೋವನ್ನು ಊರಿಗೆ ಕಳುಹಿಸಿದ್ದೆ. ಚೆನ್ನಾಗಿದೆ ಎನ್ನುವ ಮೊದಲು ಅಣ್ಣ ಹೇಳಿದ ಮಾತು, ಎಡಗಡೆಯ ಸಾಲು ಓರೆಯಾಗಿದೆ ಎಂದು.

ಅದು ನಕ್ಕದ್ದರಿಂದ ಆದದ್ದೆಂದು ನಾನು ಹೇಳಲಿಲ್ಲ. ಬರುವ ವರ್ಷ ಊರಿಗೆ ಬಂದಾಗ ಚೌಕಿಯೊಳಗೆ ಕೂರಿಸಿ ಸರಿಯಾಗಿ ತೋರಿಸು ಎಂದೆ. “ನೋಡುವ,” ಎಂದ ಅಣ್ಣ.