ಪ್ಲೇನರ್‌ಗೆ ಹೊಸ ಗಾಲಿ: ಐದು ಭಾನುವಾರ ತಿಂದ ಕೆಲಸ

ಮೊದಲ ಭಾನುವಾರ

ಎಡಗಡೆಯ ಹಿಂದಿನ ಗಾಲಿ ಇವತ್ತು ಕೈಕೊಟ್ಟಿತು. ಹಲಗೆ ಕೀಸಿ ನಯ ಮಾಡುವ ಪ್ಲೇನರ್ ಮಷೀನನ್ನು ಸ್ಟೋರ್ ರೂಮಿನಿಂದ ಪೋರ್ಟಿಕೋಗೆ ಎಳೆಯುತ್ತಿದ್ದೆ. ಬಾಗಿಲಿನ ಗ್ರಾನೈಟ್ ಪಟ್ಟಿ ದಾಟುವಾಗ ಟಕ್ ಅಂತ ಸದ್ದು ಬಂತು. ಇಡೀ ಮಷೀನ್ ಒಂದು ಮೂಲೆಗೆ ವಾಲಿತು. ಬೀಳುವುದನ್ನು ಹಿಡಿಯೋಣ ಅಂತ ಕೈ ಮುಂದೆ ಹೋಗಿತ್ತು. ಪುಣ್ಯಕ್ಕೆ ಅಷ್ಟರಲ್ಲಿ ಬುದ್ಧಿ ಬಂತು, ಹಿಂದಕ್ಕೆ ಹಾರಿದೆ. ಗಾಲಿಯನ್ನು ಎರಡೂ ಕಡೆ ಹಿಡಿದಿರುವ ಫೋರ್ಕ್ ಮಡಚಿಕೊಂಡು ಫ್ರೇಮಿನ ಮೂಲೆ ಟೈಲ್ಸ್ ಮೇಲೆ ಕೂತಿತು. ಒಂದು ಟೈಲ್ಸ್ ಹೋಯಿತು, ನನ್ನ ಕಾಲು ಉಳಿಯಿತು.

ಮಷೀನ್ ಬಗ್ಗೆ ಸ್ವಲ್ಪ ಹೇಳಬೇಕು. 12 ಇಂಚಿನ ಪ್ಲೇನರ್, ಅದೇ ಶಾಫ್ಟಿನ ತುದಿಗೆ ಗರಗಸ. ಮೈಯೆಲ್ಲ ಬೀಡು ಕಬ್ಬಿಣ. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. ಮೈಸೂರಿನಲ್ಲೇ ಒಬ್ಬ ಬಡಗಿ ಅಂಗಡಿ ಮುಚ್ಚುವಾಗ ಕೊಂಡದ್ದು. ಅವರ ಅಂಗಡಿಯಲ್ಲಿ ಅದು ನೆಲಕ್ಕೆ ಬೋಲ್ಟ್ ಹಾಕಿ ನಿಂತಿತ್ತು. ನಮ್ಮನೆಯಲ್ಲಿ ಆ ಸುಖ ಇಲ್ಲ. ಪೋರ್ಟಿಕೋದಲ್ಲಿ ರಾತ್ರಿ ಕಾರು ನಿಲ್ಲಬೇಕು, ಬೆಳಿಗ್ಗೆ ನಮ್ಮತ್ತೆ ರಂಗೋಲಿ ಹಾಕಬೇಕು. ಹಾಗಾಗಿ ಕೆಲಸ ಇದ್ದಾಗ ಹೊರಗೆ, ಮುಗಿದ ಮೇಲೆ ಒಳಗೆ. ಅದಕ್ಕೆ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಫ್ರೇಮ್ ಮಾಡಿಸಿ, ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ 2 ಇಂಚಿನ ನೈಲಾನ್ ಗಾಲಿ ಹಾಕಿಸಿದ್ದೆ. ಒಂದಕ್ಕೆ ಎಷ್ಟು ಭಾರ ತಡೆಯುತ್ತದೆ ಅಂತ ಕೇಳಿರಲೇ ಇಲ್ಲ. ಮೂರು ವರ್ಷ ನಡೆಯಿತಲ್ಲ, ಅದೇ ಆಶ್ಚರ್ಯ.

ಮಧ್ಯಾಹ್ನ ಮೋಟಾರಿನ ಪ್ಲಗ್ ಕಿತ್ತು, ಹಾರೆ ಕೊಟ್ಟು ಮೂಲೆ ಎತ್ತಿ, ಕೆಳಗೆ ಮರದ ತುಂಡು ತಳ್ಳಿದೆ. ಉಳಿದ ಮೂರು ಗಾಲಿ ನೋಡಿದರೆ ಎರಡರ ಪಿನ್ ಆಗಲೇ ಬಾಗಿತ್ತು. ಆಕ್ಸಲ್‌ಗೆ ಮರದ ಹೊಟ್ಟು ಸುತ್ತಿಕೊಂಡು ಬತ್ತಿ ಹೊಸೆದ ಹಾಗೆ ಆಗಿತ್ತು.

ಇನ್ನೊಂದು ಅನುಮಾನವೂ ಹುಟ್ಟಿತು. ಆರು ತಿಂಗಳಿಂದ ಹಲಗೆ ಕೀಸಿದರೆ ಮೇಲೆ ಅಲೆ ಅಲೆ ಗುರುತು ಬೀಳುತ್ತಿತ್ತು. ಬ್ಲೇಡ್ ಮೊಂಡಾಗಿದೆ ಅಂತ ಎರಡು ಸಲ ಸಾಣೆ ಹಿಡಿಸಿದ್ದೆ. ತಪ್ಪು ಬ್ಲೇಡಿನದೋ ಗಾಲಿಯದೋ?

ತೂಕ ನೋಡಿದ್ದು

ಈ ಸಲ ಲೆಕ್ಕ ಮಾಡದೆ ಗಾಲಿ ತರಬಾರದು ಅಂತ ತೀರ್ಮಾನಿಸಿದೆ. ಆದರೆ ಇಷ್ಟು ದೊಡ್ಡ ಸಾಮಾನನ್ನು ಮನೆಯಲ್ಲಿ ತೂಗುವುದು ಹೇಗೆ? ಮನುಷ್ಯರು ನಿಲ್ಲುವ ತಕ್ಕಡಿ ಸಾಕು. ತಕ್ಕಡಿ ಮೇಲೆ ದಪ್ಪ ಹಲಗೆ, ಅದರ ಮೇಲೆ ಹೈಡ್ರಾಲಿಕ್ ಜಾಕ್ ಇಟ್ಟೆ. ಒಂದು ಬದಿಯ ಎರಡು ಗಾಲಿಗಳ ನಡುಮಧ್ಯೆ ಜಾಕ್ ಕೊಟ್ಟು, ಆ ಬದಿ ನೆಲದಿಂದ ಬಿಡುವಷ್ಟು ಮಾತ್ರ ಎತ್ತಿ ಅಂಕಿ ನೋಡಿದೆ. ಆಮೇಲೆ ಇನ್ನೊಂದು ಬದಿ. ಜಾಕ್ ಮತ್ತು ಹಲಗೆಯ ತೂಕ ಕಳೆದು ಎರಡನ್ನೂ ಕೂಡಿದರೆ ಒಟ್ಟು ತೂಕ. ಜಾಸ್ತಿ ಎತ್ತಿದರೆ ಭಾರ ಆ ಕಡೆಗೋ ಈ ಕಡೆಗೋ ಸರಿದು ಅಂಕಿ ತಪ್ಪುತ್ತದೆ, ಅಪಾಯವೂ ಹೌದು. ಎತ್ತಿದ ಕೂಡಲೇ ಫ್ರೇಮಿನ ಕೆಳಗೆ ಅಡ್ಡಡ್ಡ ಮರದ ತುಂಡು ಪೇರಿಸಿಕೊಂಡೇ ಇದ್ದೆ.

ಮೋಟಾರ್ ಇರುವ ಬದಿ 146 ಕೆಜಿ. ಆ ಕಡೆಯದು 118. ಒಟ್ಟು 264 ಕೆಜಿ. ನಾನು 180 ಇರಬಹುದು ಅಂದುಕೊಂಡಿದ್ದೆ!

ಎಸ್.ಪಿ. ರೋಡ್

ಬೆಂಗಳೂರಿನಲ್ಲಿ ಬೇರೆ ಕೆಲಸ ಇತ್ತು. ಹಾಗೇ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಗಾಲಿ ಮಾರುವ ಒಂದು ಅಂಗಡಿ. ನನ್ನ ಚೀಟಿ ನೋಡಿ ಅಂಗಡಿಯವರು, "264 ಕೆಜಿ ಅಂದ್ರೆ ನಾಲ್ಕರಿಂದ ಭಾಗ್ಸಿದೀರಲ್ಲ ಸಾರ್? ಮೂರರಿಂದ ಭಾಗ್ಸಿ" ಅಂದರು.

ಅವರು ಹೇಳಿದ್ದು ಸರಿ. ನೆಲ ಎಂದೂ ಪೂರ್ತಿ ಮಟ್ಟ ಇರುವುದಿಲ್ಲ. ನಾಲ್ಕು ಕಾಲಿನ ಸ್ಟೂಲ್ ಕುಂಟುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ಭಾರವೆಲ್ಲ ಮೂರರ ಮೇಲೆ ಬೀಳುತ್ತದೆ. ಗಟ್ಟಿ ಫ್ರೇಮ್ ಆದರೆ ಎದುರುಬದುರು ಮೂಲೆಯ ಎರಡೇ ಗಾಲಿ ಹೆಚ್ಚುಕಮ್ಮಿ ಪೂರ್ತಿ ಹೊರಬೇಕಾಗುತ್ತದೆ. ಅಂದರೆ ಒಂದೊಂದಕ್ಕೆ 130 ಕೆಜಿ ದಾಟುತ್ತದೆ. ಅದರ ಮೇಲೆ ಹೊಸ್ತಿಲಿನಿಂದ ಧೊಪ್ ಅಂತ ಇಳಿಯುವ ಏಟು ಬೇರೆ. ಒಂದೊಂದು 200 ಕೆಜಿ ತಡೆಯುವ ಗಾಲಿ ಅಂತ ನಿಶ್ಚಯವಾಯಿತು.

ಯಾವ ಗಾಲಿ ಅನ್ನುವುದು ಮುಂದಿನ ಪ್ರಶ್ನೆ. ನೈಲಾನ್ ಹಗುರವಾಗಿ ಉರುಳುತ್ತದೆ, ಆದರೆ ಟೈಲ್ಸ್ ಮೇಲೆ ಗಡಗಡ ಸದ್ದು. ರಬ್ಬರ್ ಮೆತ್ತಗೆ, ಸದ್ದಿಲ್ಲ. ಆದರೆ ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ನೆಲ ಮುಟ್ಟುವ ಜಾಗ ಚಪ್ಪಟೆ ಆಗಿಬಿಡುತ್ತದೆ. ಬರೀ ಬೀಡಿನ ಗಾಲಿ ಹಾಕಿದರೆ ಟೈಲ್ಸ್ ಕತೆ ಮುಗಿದಂತೆ. ಉಳಿದದ್ದು ಪಿಯು ಗಾಲಿ: ಒಳಗೆ ಬೀಡು, ಹೊರಗೆ ಗಟ್ಟಿ ಪಾಲಿಯುರೆಥೇನ್ ಪಟ್ಟೆ, ನಡುವೆ ಎರಡು ಬಾಲ್ ಬೇರಿಂಗ್.

ಅಳತೆಗೆ ಮಾತ್ರ ನಾನೇ ಮನೆಯಲ್ಲಿ ಲೆಕ್ಕ ಹಾಕಿಕೊಂಡು ಹೋಗಿದ್ದೆ. ನಮ್ಮ ಬಾಗಿಲಿನ ಪಟ್ಟಿ ನೆಲದಿಂದ 6 ಮಿಮೀ ಮೇಲಿದೆ. ಏನು ಮಹಾ ಅನ್ನಿಸುತ್ತದೆ. ಆದರೆ ನಿಂತಲ್ಲಿಂದ ಎಳೆದು 2 ಇಂಚಿನ ಗಾಲಿಯನ್ನು ಅದರ ಮೇಲೆ ಹತ್ತಿಸಲು, ಆ ಗಾಲಿ ಹೊತ್ತ ಭಾರದ ನೂರಕ್ಕೆ 85ರಷ್ಟು ಬಲ ಬೇಕು. 5 ಇಂಚಿನ ಗಾಲಿಗೆ 47 ಸಾಕು. ಒಂದು ಬದಿಯ ಎರಡೂ ಗಾಲಿ ಒಟ್ಟಿಗೆ ಪಟ್ಟಿಗೆ ತಾಗಿದರೆ, ಹಳೆಯದರಲ್ಲಿ ನೂರು ಕೆಜಿಗೂ ಜಾಸ್ತಿ ಎಳೆತ. ಇಷ್ಟು ವರ್ಷ ನಾನು ಕುಲುಕಿ ಕುಲುಕಿ ಒಂದೊಂದೇ ಮೂಲೆ ದಾಟಿಸುತ್ತಿದ್ದೆ. ಫೋರ್ಕ್ ಮಡಚಿದ್ದೂ ಆ ಕುಲುಕಿಗೇ ಇರಬೇಕು.

5 ಇಂಚಿನ ನಾಲ್ಕು ತಗೊಂಡೆ. ನಾಲ್ಕೂ ತಿರುಗುವ ತರಹದ್ದು, ಅದರಲ್ಲಿ ಎರಡಕ್ಕೆ ಬ್ರೇಕ್. ಅಂಗಡಿಯವರು "ಎರಡು ಫಿಕ್ಸ್ ತಗೊಳ್ಳಿ ಸಾರ್" ಅಂದರು, ಅಂದರೆ ಸುತ್ತದೆ ನೇರಕ್ಕೆ ಮಾತ್ರ ಉರುಳುವವು. ನಾನು ಕೇಳಲಿಲ್ಲ. ನಾಲ್ಕೂ ತಿರುಗಿದರೆ ಬೇಕಾದ ಕಡೆ ಸರಿಸಬಹುದು ಅನ್ನುವ ಹುಮ್ಮಸ್ಸು. ಆ ಚೀಲ ಹೊತ್ತು ಮೈಸೂರು ರೈಲು ಹತ್ತುವಷ್ಟರಲ್ಲಿ ಹೆಗಲು ಬಿದ್ದುಹೋಗಿತ್ತು.

ಎರಡನೇ ಭಾನುವಾರ: ಕಿವಿ

ದೊಡ್ಡ ಗಾಲಿಯ ತೊಂದರೆ ಎತ್ತರ. ಹಳೆಯ ಗಾಲಿ, ಮೇಲಿನ ಪ್ಲೇಟ್ ಸೇರಿ 70 ಮಿಮೀ. ಹೊಸದು 160. ಹಾಗೇ ಹಾಕಿದರೆ ಮಷೀನ್ ಮೂರೂವರೆ ಇಂಚು ಮೇಲೇರುತ್ತದೆ. ಈಗ ಟೇಬಲ್ 33 ಇಂಚಿಗಿದೆ. ಪ್ಲೇನರ್ ಮೇಲೆ ಹಲಗೆಯನ್ನು ಕೆಳಗೆ ಒತ್ತಿ ತಳ್ಳಬೇಕು. ಟೇಬಲ್ ಎತ್ತರವಾದರೆ ಭುಜದ ಬಲ ಸಿಗುವುದಿಲ್ಲ, ಕೈ ಬ್ಲೇಡ್ ಕಡೆ ಜಾರುವ ಸಾಧ್ಯತೆ ಜಾಸ್ತಿ. ಭಾರವೂ ಮೇಲಕ್ಕೆ ಹೋಗಿ ಮಷೀನ್ ಬೇಗ ವಾಲುತ್ತದೆ.

ಉಪಾಯ ಇಷ್ಟೇ: ಗಾಲಿ ಫ್ರೇಮಿನ ಕೆಳಗೆ ಬೇಡ, ಪಕ್ಕಕ್ಕೆ ಇರಲಿ. ಫ್ರೇಮಿನ ನಾಲ್ಕು ಮೂಲೆಗೆ ಹೊರಗೆ ಚಾಚಿದ ಕಿವಿಗಳು. ಕಿವಿ ಫ್ರೇಮಿಗಿಂತ 100 ಮಿಮೀ ಮೇಲಿದ್ದರೆ ಮಷೀನಿನ ಹೊಟ್ಟೆ ನೆಲಕ್ಕೆ ಹತ್ತಿರವೇ ಉಳಿಯುತ್ತದೆ. ಹಳೆಯದಕ್ಕಿಂತ ಒಂದು ಸೆಂಟಿಮೀಟರ್ ಕೆಳಗೇ. ಗಾಲಿಗಳು ದೂರ ದೂರ ನಿಲ್ಲುವುದರಿಂದ ವಾಲುವ ಭಯವೂ ಕಮ್ಮಿ.

ವೆಲ್ಡಿಂಗ್ ಭಾಯ್ ಹತ್ತಿರ ಕಾಗದದಲ್ಲಿ ಬರೆದದ್ದು ತೋರಿಸಿದೆ. "ಏನ್ ಸಾರ್, ತೇರು ಕಟ್ತಿದೀರಾ?" ಅಂತ ನಕ್ಕರು. 50-50-6 ಮಿಮೀ ಆಂಗಲ್ ಆರಿಸಿದೆವು. ಅದು ಮೀಟರಿಗೆ ನಾಲ್ಕೂವರೆ ಕೆಜಿ. ಕಿವಿಗೆ 8 ಮಿಮೀ ಪ್ಲೇಟ್. ಹೊಸ ಫ್ರೇಮನ್ನು ಬೇರೆಯಾಗಿಯೇ ವೆಲ್ಡ್ ಮಾಡಿಸಿ, ಮಷೀನಿನ ಕಾಲಿಗೆ 12 ಮಿಮೀ ಬೋಲ್ಟ್‌ನಿಂದ ಬಿಗಿಯುವುದು ಅಂತ ಮಾತಾಯಿತು. ಬೀಡಿಗೆ ಮಾಮೂಲಿ ರಾಡಿನಿಂದ ವೆಲ್ಡ್ ಮಾಡಿದರೆ ಆರುವಾಗ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಗಾಲಿ ಹಾಕಿದ ಮೇಲೆ ವೆಲ್ಡ್ ಮಾಡುವುದೂ ಬೇಡ ಅಂತ ಭಾಯ್ ಅವರೇ ಹೇಳಿದರು. ಪಿಯು ಸುಟ್ಟು ಹೋಗುತ್ತದೆ. ಅರ್ತಿಂಗ್ ತಪ್ಪಾದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನೂ ಹಾಳು ಮಾಡುತ್ತದೆ.

ಸಂಜೆ ಫ್ರೇಮ್ ಬಂತು. ಮೂಲೆಯಿಂದ ಎದುರು ಮೂಲೆಗೆ ಎರಡು ದಾರ ಕಟ್ಟಿ ನೋಡಿದೆ. ಎರಡು ದಾರ ನಡುವೆ ಒಂದಕ್ಕೊಂದು ತಾಗಬೇಕು. ತಾಗಲಿಲ್ಲ, ಮೂರು ಮಿಮೀ ಸಂದು. ವೆಲ್ಡಿಂಗ್ ಬಿಸಿಗೆ ಒಂದು ಕಿವಿ ಎಳೆದುಕೊಂಡಿತ್ತು. ಅದಕ್ಕೆ ವಾಷರ್ ಕೊಟ್ಟು ಸರಿ ಮಾಡಬಹುದು, ದೊಡ್ಡ ವಿಷಯ ಅಲ್ಲ.

ಮೂರನೇ ಭಾನುವಾರ: ನನ್ನ ತಪ್ಪು

ಇದು ದೊಡ್ಡ ವಿಷಯ. ಮೋಟಾರ್ ಬಿಚ್ಚಿಟ್ಟು, ಜಾಕ್‌ನಲ್ಲಿ ಒಂದೊಂದು ಬದಿಯಾಗಿ ಎತ್ತಿ, ಹಳೆ ಫ್ರೇಮ್ ತೆಗೆದು ಹೊಸದು ಕೂರಿಸುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಊಟಕ್ಕೆ ಮೂರು ಸಲ ಕರೆ ಬಂದಿತ್ತು. ಗಾಲಿ ಹಾಕಿ ನೆಲಕ್ಕೆ ಇಳಿಸಿದೆ. ಚೆನ್ನಾಗಿ ನಿಂತಿತು. ಎಳೆದೆ. ಅರ್ಧ ಅಡಿ ಬಂತು, ನಿಂತಿತು.

ತಿರುಗುವ ಗಾಲಿ ತನ್ನ ಫೋರ್ಕ್ ಸುತ್ತುವ ಪಿನ್ನಿನ ನೇರಕ್ಕೆ ಇರುವುದಿಲ್ಲ, ಸ್ವಲ್ಪ ಹಿಂದಕ್ಕೆ ಇರುತ್ತದೆ. ಹಾಗಿದ್ದರೇ ಅದು ಎಳೆದ ಕಡೆ ತಿರುಗುವುದು. ಪೂರ್ತಿ ಸುತ್ತಲು ಅದಕ್ಕೆ ಗಾಲಿಗಿಂತ ದೊಡ್ಡ ವೃತ್ತದ ಜಾಗ ಬೇಕು. ನಾನು ನಿಂತ ಗಾಲಿಯ ಅಳತೆ ತೆಗೆದಿದ್ದೆ, ಸುತ್ತುವ ಗಾಲಿಯದ್ದಲ್ಲ. ಮೋಟಾರ್ ಬದಿಯ ಎರಡೂ ಗಾಲಿ ಫ್ರೇಮಿಗೆ ತಗುಲುತ್ತಿದ್ದವು. ಆ ಕಡೆ ಗೋಡೆ ಹತ್ತಿರ ಅಂತ ಕಿವಿ ಚಿಕ್ಕದು ಮಾಡಿಸಿದ್ದು ನಾನೇ.

ಕಿವಿ ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಬೇಕಾ? ಚಹಾ ಕುಡಿಯುತ್ತ ಕೂತೆ. ಆಗ ಎಸ್.ಪಿ. ರೋಡಿನವರ ಮಾತು ನೆನಪಾಯಿತು. ಫಿಕ್ಸ್ ಗಾಲಿ ಸುತ್ತುವುದೇ ಇಲ್ಲ, ಅದಕ್ಕೆ ಈ ಜಾಗವೇ ಬೇಡ! ಅದೇ ಕಂಪನಿ, ಅದೇ ಅಳತೆ ಆದರೆ ಎತ್ತರವೂ ಒಂದೇ. ಅಂಗಡಿಗೆ ಫೋನ್ ಮಾಡಿದೆ. ಬ್ರೇಕ್ ಇಲ್ಲದ ಎರಡನ್ನು ಬದಲಿಸಿ ಕೊಡುತ್ತೇನೆ, ಗೀರು ಬಿದ್ದಿರಬಾರದು ಅಂದರು. ಗೀರು ಇತ್ತು. ಸುಮ್ನೆ ಸುಳ್ಳು ಯಾಕೆ, ಹೇಳಿದೆ. ಒಂದಕ್ಕೆ ನೂರು ರೂಪಾಯಿ ಹಿಡಿದುಕೊಂಡು ಬದಲಿಸಿದರು. ಬೆಂಗಳೂರಿನಲ್ಲಿ ಓದುವ ಅಣ್ಣನ ಮಗ ಶುಕ್ರವಾರ ಬರುವಾಗ ತಂದುಕೊಟ್ಟ.

ನಾಲ್ಕನೇ ಭಾನುವಾರ: ಗೇಟಿನ ಕಡೆ ಪ್ರಯಾಣ

ಎರಡು ಫಿಕ್ಸ್, ಎರಡು ತಿರುಗುವ ಗಾಲಿ. ಬಾಗಿಲಿನ ಪಟ್ಟಿಯನ್ನು ಒಬ್ಬನೇ ದಾಟಿಸಿದೆ. ತಳ್ಳುಗಾಡಿ ಹಾಗೆ ನೇರ ಬಂತು. ನಾಲ್ಕೂ ತಿರುಗುವುದಿದ್ದರೆ ಇಳಿಜಾರಿನಲ್ಲಿ ಅಡ್ಡಡ್ಡ ಹೋಗುತ್ತಿತ್ತು, ಅದು ಈಗ ಅರ್ಥವಾಯಿತು.

ಖುಷಿಯಲ್ಲಿ ಕೈ ಬಿಟ್ಟೆ. ಮಷೀನ್ ನಿಲ್ಲಲಿಲ್ಲ.

ಮಳೆ ನೀರು ಹೋಗಲಿ ಅಂತ ಪೋರ್ಟಿಕೋವನ್ನು ಗೇಟಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ನಮ್ಮದು ಮೂರು ಮೀಟರಿಗೆ 40 ಮಿಮೀ. 264 ಕೆಜಿಯ ಮೇಲೆ ಅದು ಮೂರೂವರೆ ಕೆಜಿಯಷ್ಟು ಎಳೆತ. ಹಳೆ ಗಾಲಿ ಅದಕ್ಕೆ ಜಗ್ಗುತ್ತಿರಲಿಲ್ಲ. ಹೊಸದಕ್ಕೆ ಅಷ್ಟು ಸಾಕು. ನಿಧಾನಕ್ಕೆ, ಮರ್ಯಾದಸ್ಥರ ಹಾಗೆ, ಅತ್ತೆಯ ರಂಗೋಲಿ ಮೇಲೆ ಹೊರಟಿತು. ಓಡಿ ಬ್ರೇಕ್ ತುಳಿದೆ. ಆಮೇಲಿನಿಂದ ಎರಡು ಬೆಣೆ ಕಿಸೆಯಲ್ಲೇ ಇರುತ್ತವೆ. ಜಾತ್ರೆಯಲ್ಲಿ ತೇರಿನ ಚಕ್ರದ ಪಕ್ಕ ಬೆಣೆ ಹಿಡಿದು ನಡೆಯುವವರ ಮೇಲೆ ಹೊಸ ಗೌರವ ಬಂದಿದೆ.

ಬ್ರೇಕ್ ಹಾಕಿ ಒಂದು ಹಲಸಿನ ಹಲಗೆ ತಳ್ಳಿ ನೋಡಿದೆ. ಮಷೀನ್ ಬಾಲ ಅಲ್ಲಾಡಿಸಿದ ಹಾಗೆ ಆ ಕಡೆ ಈ ಕಡೆ ಒಂದು ಸೆಂಟಿಮೀಟರ್ ಆಡಿತು. ಮಾಮೂಲಿ ಬ್ರೇಕ್ ಗಾಲಿ ಉರುಳದಂತೆ ಹಿಡಿಯುತ್ತದೆ, ಫೋರ್ಕ್ ಸುತ್ತುವುದನ್ನು ಹಿಡಿಯುವುದಿಲ್ಲ. ಎರಡನ್ನೂ ಹಿಡಿಯುವ ಬ್ರೇಕ್ ಬೇರೆ ಸಿಗುತ್ತದೆ, ದುಡ್ಡು ಜಾಸ್ತಿ. ಆದರೆ ನನಗೆ ಅಷ್ಟು ಹೊತ್ತಿಗೆ ಒಂದು ಮಾತು ಖಚಿತವಾಗಿತ್ತು. ಎಷ್ಟೇ ಒಳ್ಳೆ ಗಾಲಿ ಇರಲಿ, ಬ್ಲೇಡ್ ತಿರುಗುವಾಗ ಈ ಮಷೀನ್ ಗಾಲಿ ಮೇಲೆ ನಿಲ್ಲಬಾರದು.

ಐದನೇ ಭಾನುವಾರ: ಕಾಲು

ನಾಲ್ಕು ಕಿವಿಗೂ ಒಂದೊಂದು 16 ಮಿಮೀ ನಟ್ ವೆಲ್ಡ್ ಮಾಡಿಸಿದೆ. ಅದಕ್ಕೆ ಇಡೀ ಫ್ರೇಮನ್ನು ಮತ್ತೆ ಬಿಚ್ಚಬೇಕಾಯಿತು, ಹೇಳಲು ಬೇಜಾರು. ಸತುವಿನ ಲೇಪ ಇರುವ ಬಿಳಿ ನಟ್ ಕೊಟ್ಟಿದ್ದೆ, ಭಾಯ್ ವಾಪಸ್ ಕೊಟ್ಟು ಕಪ್ಪು ನಟ್ ತರಿಸಿದರು. ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ, ಅವರಿಗೆ ಅನುಭವ ಇದೆ.

ನಟ್ ಮೂಲಕ ಉದ್ದ ಬೋಲ್ಟ್ ಕೆಳಗಿಳಿಯುತ್ತದೆ. ತುದಿಗೆ ಕಬ್ಬಿಣದ ಬಿಲ್ಲೆ, ಬಿಲ್ಲೆಯ ಕೆಳಗೆ ಹಳೆ ಕನ್ವೇಯರ್ ಬೆಲ್ಟಿನ ರಬ್ಬರ್. ಒಂದು ಸುತ್ತಿಗೆ 2 ಮಿಮೀ. 24ರ ಸ್ಪ್ಯಾನರಿನಲ್ಲಿ ಬಿಲ್ಲೆ ನೆಲ ಮುಟ್ಟಿದ ಮೇಲೆ ನಾಲ್ಕೈದು ಸುತ್ತು, ಗಾಲಿ ನೆಲ ಬಿಡುತ್ತದೆ. ಇಳಿಜಾರಿನ ಕಡೆ ಇನ್ನಷ್ಟು ಸುತ್ತು. ಟೇಬಲ್ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ಬರುವ ತನಕ. ಕೊನೆಗೆ ಅದುರುವಿಕೆಗೆ ಸಡಿಲವಾಗದಂತೆ ಮೇಲಿಂದ ಇನ್ನೊಂದು ನಟ್ ಬಿಗಿತ. ಒಟ್ಟು ಮೂರು ನಿಮಿಷದ ಕೆಲಸ.

ಅದೇ ಹಲಸಿನ ಹಲಗೆ ಮತ್ತೆ ಕೀಸಿದೆ. ಮಷೀನ್ ಅಲ್ಲಾಡಲಿಲ್ಲ. ಟೇಬಲ್ ಮೇಲೆ ಲೋಟದಲ್ಲಿ ನೀರು ಇಟ್ಟು ಸ್ವಿಚ್ ಹಾಕಿದರೆ ಸಣ್ಣ ನಡುಕ, ಅಷ್ಟೇ. ಹಲಗೆ ಮೇಲಿನ ಅಲೆ ಮುಕ್ಕಾಲು ಪಾಲು ಹೋಗಿದೆ. ಉಳಿದ ಕಾಲು ಭಾಗಕ್ಕೆ ಒಂದು ಬ್ಲೇಡ್ ಉಳಿದವಕ್ಕಿಂತ ಕೂದಲೆಳೆ ಮೇಲೆ ಕೂತಿರಬೇಕು. ಅದನ್ನು ಮುಂದಿನ ವಾರ ಸಣ್ಣ ಏರುಪೇರು ಅಳೆಯುವ ಡಯಲ್ ಗೇಜ್ ಇಟ್ಟು ನೋಡುತ್ತೇನೆ.

ಖರ್ಚು: ಗಾಲಿಗೆ 2,800, ಬದಲಿಸಿದ್ದಕ್ಕೆ 200, ಕಬ್ಬಿಣ ಮತ್ತು ವೆಲ್ಡಿಂಗ್ 3,400, ಬೋಲ್ಟು ನಟ್ಟು 450. ಒಡೆದ ಟೈಲ್ಸ್ ಇನ್ನೂ ಹಾಕಿಸಿಲ್ಲ. ಸದ್ಯಕ್ಕೆ ಅದರ ಮೇಲೆ ಅತ್ತೆ ತುಳಸಿ ಕುಂಡ ಇಟ್ಟಿದ್ದಾರೆ. ಮಷೀನ್ ಹೊರಗೆ ಬರುವ ದಾರಿಗೆ ಸರಿಯಾಗಿ ಅಡ್ಡ.