ಮೊಟ್ಟೆಗೆ ಗಿಡದ ಬಣ್ಣ: ಮಡಿಕೇರಿಯ ಮಳೆಯಲ್ಲಿ ಮೂರು ಬ್ಯಾಚ್

ಬ್ಯಾಚ್ 1, ಜೂನ್ ಕೊನೆ. ಫಾರಂ ಬಿಳಿ ಮೊಟ್ಟೆ ಆರು, ನಾಟಿ ನಾಲ್ಕು. ಮಡಿಕೇರಿಯ ಎತ್ತರಕ್ಕೆ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ಗಟ್ಟಿ ಬೇಯಲು 14 ನಿಮಿಷ ಕೊಟ್ಟಿದೆ. ಬೆಂದ ಮೇಲೆ ವಿನೆಗರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬಾರದು. ಜಿಡ್ಡು ಕೂತಲ್ಲಿ ಬಣ್ಣ ಹತ್ತುವುದಿಲ್ಲ, ಬೆರಳಚ್ಚು ಬೆಳ್ಳಗೆ ಉಳಿದುಬಿಡುತ್ತದೆ.

ಈರುಳ್ಳಿ ಸಿಪ್ಪೆ ಕೈಕೊಡುವುದೇ ಇಲ್ಲ. ಲೀಟರ್ ನೀರಿಗೆ ಎರಡು ದೊಡ್ಡ ಹಿಡಿ ಒಣ ಸಿಪ್ಪೆ, ಅರ್ಧ ಗಂಟೆ ಕುದಿ, ಸೋಸಿ ಅರ್ಧ ಗಂಟೆ ನೆನೆಸಿದರೆ ಇಟ್ಟಿಗೆಗೆಂಪು. ಅರಿಶಿನದ ಹಳದಿ ಚೆಂದ, ಆದರೆ ಬೆಳಕಿಗೆ ಬೇಗ ಮಾಸುತ್ತದೆ. ಬೀಟ್‌ರೂಟ್ ಕುದಿಸಿದಷ್ಟೂ ಕಂದಾಯಿತು; ಪಲ್ಯಕ್ಕೇ ಸರಿ.

ಬ್ಯಾಚ್ 2, ನೀಲಿ. ಅರ್ಧ ನೇರಳೆ ಕೋಸು ಹೆಚ್ಚಿ ಲೀಟರ್ ನೀರಲ್ಲಿ 30 ನಿಮಿಷ ಕುದಿಸಿ, ಪೂರ್ತಿ ಆರಿಸಿ, ಎರಡು ದೊಡ್ಡ ಚಮಚ ಬಿಳಿ ವಿನೆಗರ್, ರಾತ್ರಿಯಿಡೀ ಫ್ರಿಜ್‌ನಲ್ಲಿ. ರಸ ನೇರಳೆ, ಮೊಟ್ಟೆ ನೀಲಿ! ಕೋಸಿಗೆ ಬಣ್ಣ ಕೊಡುವ ಆಂಥೋಸಯನಿನ್ ಹುಳಿಯಲ್ಲಿ ಕೆಂಪಿಗೂ ಕ್ಷಾರದಲ್ಲಿ ನೀಲಿಗೂ ತಿರುಗುತ್ತದೆ, ಚಿಪ್ಪಿನದು ಕ್ಷಾರದ ಕಡೆಗಿರುವ ಸುಣ್ಣದ ಕಾರ್ಬೊನೇಟ್, ಅದಕ್ಕೇ ನೀಲಿ. ನಾಟಿ ಮೊಟ್ಟೆಯ ಕಂದಿನ ಮೇಲೆ ಅದೇ ರಸ ಹಸಿರು ಛಾಯೆ ಕೊಟ್ಟಿತು. ಎರಡು ಮೊಟ್ಟೆ ಮಾತ್ರ ಕೆಟ್ಟವು: ವಿನೆಗರ್ ನಾಲ್ಕು ಚಮಚಕ್ಕೆ ಏರಿಸಿದಾಗ ಚಿಪ್ಪಿನ ಮೇಲೆ ಗುಳ್ಳೆ ಕಟ್ಟಿ, ಗುಳ್ಳೆ ಕೂತ ಕಡೆಯೆಲ್ಲ ಚುಕ್ಕಿ. ಹುಳಿ ಸುಣ್ಣವನ್ನು ತಿನ್ನುವಾಗ ಬಣ್ಣವೂ ಅದರ ಜತೆ ಉದುರುತ್ತದೆ. ನಡುವೆ ಎರಡು ಸಲ ಮೊಟ್ಟೆ ಹೊರಳಿಸದಿದ್ದರೂ ಪಾತ್ರೆಗೆ ತಾಗಿದ ಕಡೆ ಬೋಳು ಉಳಿಯುತ್ತದೆ. ವಿನೆಗರ್ ಬದಲು ಕಾಚಂಪುಳಿ (ಕೊಡಗಿನ ಹಣ್ಣಿನ ಹುಳಿರಸ) ಬೇಡ. ಅದು ಹುಳಿಯೇನೋ ಹೌದು, ಆದರೆ ತಾನೇ ಕಪ್ಪು, ಪಂದಿಕರಿಗೇ ಇರಲಿ.

ಒಣಗಿಸುವುದೇ ಇಲ್ಲಿನ ತಲೆನೋವು. ಒದ್ದೆ ಬಣ್ಣ ಒರೆಸಿದರೆ ಬಟ್ಟೆಗೆ ಬರುತ್ತದೆ, ಮಳೆಗಾಲದ ತೇವಕ್ಕೆ ತಾನಾಗಿ ಬೇಗ ಆರದು. ಹಲಗೆಗೆ ಮೂರು ಮೂರು ಮೊಳೆ ಹೊಡೆದು ಅದರ ಮೇಲೆ ಕೂರಿಸಿ ಫ್ಯಾನ್ ಗಾಳಿ ಬಿಟ್ಟದ್ದು ಕೆಲಸ ಮಾಡಿತು. ಪೂರ್ತಿ ಆರಿದ ಮೇಲೆ ಒಂದು ಹನಿ ತೆಂಗಿನೆಣ್ಣೆ. ತಿನ್ನುವುದಾದರೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ ಫ್ರಿಜ್‌ಗೆ.

ಬ್ಯಾಚ್ 3, ಎಲೆಯಚ್ಚು. ತೆರ್ಮೆಯ (ಜರೀಗಿಡದ) ಎಳೆ ಎಲೆ ಒದ್ದೆ ಮಾಡಿ ಅಂಟಿಸಿ, ಹಳೆ ನೈಲಾನ್ ಸಾಕ್ಸ್ ತುಂಡಿನಲ್ಲಿ ಬಿಗಿದು ಈರುಳ್ಳಿ ರಸಕ್ಕೆ. ಗಂಟು ಸಡಿಲವಿದ್ದ ಒಂದರಲ್ಲಿ ರಸ ಎಲೆಯಡಿಗೆ ನುಗ್ಗಿ ಅಂಚು ಕಲಸಿತು. ಉಳಿದ ಮೂರರಲ್ಲಿ ಎಲೆಯ ಹಲ್ಲು ಹಲ್ಲೂ ಎದ್ದಿದೆ.

ಮುಂದಿನದು ಮದ್ದ್‌ ತೊಪ್ಪು, ಕೊಡಗಿನ ಔಷಧಿ ಸೊಪ್ಪು. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ 18ರಂದು ಪಾಯಸಕ್ಕೆ ಕುದಿಸುವ ಆ ಕಡುನೇರಳೆ ರಸದಲ್ಲಿ ಒಂದು ಲೋಟ ಸಿಹಿ ಹಾಕುವ ಮೊದಲೇ ಎತ್ತಿಟ್ಟರೆ ಸಾಕು. ಎರಡು ಬಿಳಿ ಮೊಟ್ಟೆ, ಒಂದಕ್ಕೆ ವಿನೆಗರ್, ಇನ್ನೊಂದಕ್ಕೆ ಇಲ್ಲ.